ಅತ್ತೆಯ ಪೆಟ್ಟಿಗೆಗೆ ಹೊಸ ರಾಣಿ

ಮದುವೆಯಲ್ಲಿ ಅಪ್ಪ ನನಗೆ ಬಳುವಳಿಯಾಗಿ ಕೊಟ್ಟದ್ದು ಒಂದು ಜೇನುಪೆಟ್ಟಿಗೆ. ಎಪ್ಪತ್ತರ ದಶಕದ ಕೊನೆ. ಬೇರೆ ಹೆಣ್ಣುಮಕ್ಕಳು ಹೊಲಿಗೆ ಮಿಷನ್ನು ತರುತ್ತಿದ್ದ ಕಾಲ. ನಾನು ಮಾಯಸಂದ್ರದಿಂದ ಹುಳಿಯಾರು ಕಡೆಯ ಗಂಡನ ಮನೆಗೆ ಗುಂಯ್‌ಗುಡುವ ಪೆಟ್ಟಿಗೆಯೊಂದಿಗೆ ಬಂದೆ.

ಅತ್ತೆಯ ತೆಂಗಿನ ತೋಟದಲ್ಲೂ ಒಂದು ಪೆಟ್ಟಿಗೆಯಿತ್ತು. ಎರಡರಲ್ಲೂ ತುಡುವೆ ಜೇನೇ, ನೋಡಲು ಒಂದೇ ಥರ. ಗುಣ ಮಾತ್ರ ಬೇರೆ. ಅಪ್ಪ ಕೊಟ್ಟವು ಮುಚ್ಚಳ ತೆಗೆದರೂ ತಮ್ಮ ಪಾಡಿಗೆ ತಾವಿರುತ್ತಿದ್ದವು. ಅತ್ತೆಯವು ದಾರಿಯಲ್ಲಿ ಕೆಮ್ಮಿದವರನ್ನೂ ಅಟ್ಟಿಸಿಕೊಂಡು ಹೋಗುತ್ತಿದ್ದವು.

“ನಿಮ್ಮಪ್ಪನ ಹುಳ ಸೋಮಾರಿ ಕಣೇ. ಮೈ ಬಗ್ಸಿ ದುಡಿಯೋವಕ್ಕೆ ಸಿಟ್ಟು ಇದ್ದೇ ಇರ್ತದೆ,” ಎನ್ನುತ್ತಿದ್ದರು ಅತ್ತೆ. ತಮ್ಮ ಸಿಟ್ಟಿಗೂ ಅವರು ಕೊಡುತ್ತಿದ್ದ ಸಮಜಾಯಿಷಿ ಅದೇ.

ಮೊದಲ ಸಲ ನಮ್ಮಲ್ಲಿಗೆ ಬಂದ ಅಪ್ಪ, ತನಗೆ ತಿಳಿಯದ ಜೇನೇ ಎಂಬ ಜಂಬದಲ್ಲಿ, ಹೊಗೆಯನ್ನೂ ಹಾಕದೆ ಅತ್ತೆಯ ಪೆಟ್ಟಿಗೆ ತೆರೆದ. ಕಣ್ಣು, ತುಟಿ, ಕಿವಿ ಒಂದನ್ನೂ ಅವು ಬಿಡಲಿಲ್ಲ. ಅತ್ತೆ ಅವನ ಮುಖಕ್ಕೆಲ್ಲ ಸುಣ್ಣ ಹಚ್ಚಿ, “ಬೀಗ್ರು ಗೋಡೆ ಆಗೋದ್ರಲ್ಲಪ್ಪ!” ಎಂದು ನಕ್ಕರು. ಊರೂ ನಕ್ಕಿತು. ಅಪ್ಪ ಮತ್ತೆ ಒಂದು ವರ್ಷ ನಮ್ಮ ಕಡೆ ತಲೆ ಹಾಕಲಿಲ್ಲ. ನನಗೆ ಅಳುವೇ ಬರುತ್ತಿತ್ತು.

ಅಷ್ಟರಲ್ಲಿ ಅತ್ತೆಯ ಪೆಟ್ಟಿಗೆಯ ರಾಣಿ ಸತ್ತಿತು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ, ನನ್ನ ಪೆಟ್ಟಿಗೆಯಿಂದ ಮೊಟ್ಟೆಯಿದ್ದ ಒಂದು ಮೇಣದ ಎರಿಯನ್ನು ತೆಗೆದು ಅತ್ತೆಯದರೊಳಗಿಟ್ಟೆ. ನೊಣಗಳು ಆ ಮೊಟ್ಟೆಗಳಲ್ಲೊಂದನ್ನು ರಾಣಿಯಾಗಿ ಬೆಳೆಸಿಕೊಂಡವು. ಕೆಲವು ತಿಂಗಳಲ್ಲಿ ಹಳೆಯ ಸಿಡುಕುಮೂತಿಗಳೆಲ್ಲ ಸತ್ತು, ಪೆಟ್ಟಿಗೆಯ ತುಂಬ ಹೊಸ ರಾಣಿಯ ಮಕ್ಕಳೇ ಆದರು. ಎಮ್ಮೆ ಬಂದು ಪಕ್ಕದಲ್ಲೇ ಮೇದರೂ ಒಂದೂ ಮೇಲೇಳಲಿಲ್ಲ.

“ನೋಡ್ದೇನೇ, ನಮ್ಮ ಹುಳ ಹೆಂಗೆ ಬುದ್ಧಿ ಕಲ್ತವೆ!” ಎಂದರು ಅತ್ತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ತಲೆ ತಗ್ಗಿಸಿ ರಾಗಿ ಕೇರುತ್ತಾ ಕೂತೆ.

ಅಪ್ಪನಿಗೆ ಕಾಗದ ಹಾಕಿದೆ: ‘ಧೈರ್ಯವಾಗಿ ಬಾ, ಈಗ ಕಚ್ಚುವುದಿಲ್ಲ.’ ಯಾರು ಎಂದು ಬರೆಯಲಿಲ್ಲ.

ಅಪ್ಪ ಬಂದ. ತೋಟದ ಕಡೆ ತಿರುಗಿಯೂ ನೋಡದೆ ಜಗಲಿಯ ಮೇಲೆ ಕೂತ. ಅತ್ತೆಯೇ ಅವನನ್ನು ಎಬ್ಬಿಸಿಕೊಂಡು ಹೋಗಿ, ತಾವೇ ಪೆಟ್ಟಿಗೆಯ ಮುಚ್ಚಳ ತೆಗೆದರು. ಅಪ್ಪ ಅಂಜುತ್ತಲೇ ಕೈ ಚಾಚಿದ. ನೊಣಗಳು ಅವನ ಮುಂಗೈ ಮೇಲೆ ಸುಮ್ಮನೆ ಓಡಾಡಿದವು. ಅಪ್ಪ ನನ್ನ ಮುಖ ನೋಡಿದ. ತನ್ನ ಮನೆಯ ಜೇನಿನ ಗುಣ ಅವನಿಗೆ ತಿಳಿಯುವುದಿಲ್ಲವೇ? ನಾನು ತೆಂಗಿನ ಗರಿ ಎಣಿಸತೊಡಗಿದೆ.

ಆ ಪೆಟ್ಟಿಗೆಯ ಆ ಸಲದ ಜೇನುತುಪ್ಪದ ಮೊದಲ ಬಟ್ಟಲನ್ನು ಅತ್ತೆ ಅಪ್ಪನ ಕೈಗಿಟ್ಟರು.

“ತಗೊಳ್ರೀ ಬೀಗ್ರೇ, ನಿಮ್ಮನೇದೇ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರಲ್ಲ,” ಎಂದವರು ನನ್ನತ್ತ ತಿರುಗಿದರು. “ಆವತ್ತು ಮಧ್ಯಾಹ್ನ ನಂಗೆ ನಿದ್ದೆ ಬಂದಿರ್ಲಿಲ್ಲ ಕಣೇ.”