ಕೈ ಮುಗಿಸಿ ಬರ್ತೀನಿ

ದೇಶದಲ್ಲಿ ವೈದ್ಯರ ಕೊರತೆ ಅತ್ಯಂತ ಗಂಭೀರವಾದ ವಿಷಯವೆಂದು ಬಲ್ಲವರೆಲ್ಲ ಬರೆಯುತ್ತಾರೆ. ತಮಿಳುನಾಡಿನ ಕ್ರೋಂಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಮಾತ್ರ ಒಬ್ಬರು ಹೆಚ್ಚಾಗಿ ಉಳಿದಿದ್ದರು. ಉದ್ದನೆಯ, ಗಂಟುಗಂಟಾದ ಬೆರಳುಗಳು. ಕಾಫಿ ಲೋಟ ಹಿಡಿದರೂ ಅದರೊಳಗೆ ಎಲುಬು ಹುಡುಕುವಂತೆ ತಡವುತ್ತಿದ್ದರು. ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ದು ಅನಾಟಮಿ ಪಾಠ ಹೇಳಿ ನಿವೃತ್ತರಾದ ಮೇಷ್ಟರು. "ನನ್ನ ಕೈಗೆ ಬಂದ ಪೇಷೆಂಟ್ ಒಬ್ಬನೂ ಕೆಮ್ಮಿಲ್ಲ ಕಣಯ್ಯಾ" ಎಂಬುದು ಅವರ ಹೆಮ್ಮೆ.

ಹೆಂಡತಿ ತೀರಿಕೊಂಡ ಮೇಲೆ ಅವರ ಬೆಳಗಿನ ಕಾಫಿ ನಮ್ಮ ಮೆಟ್ಟಿಲ ಮೇಲೆ. ನನ್ನ ಮಣಿಕಟ್ಟು ಹಿಡಿದು, ಅದರ ಎಂಟು ಮೂಳೆಗಳ ಹೆಸರು ಒಪ್ಪಿಸು ಎನ್ನುವರು. ಬಂದರಿನ ಕಚೇರಿಯಲ್ಲಿ ಕಡತ ಕಟ್ಟಿ ನಿವೃತ್ತನಾದ ನಾನು ದಿನವೂ ಆರನೆಯ ಮೂಳೆಯಲ್ಲಿ ಫೇಲಾಗುತ್ತಿದ್ದೆ.

ಒಮ್ಮೆ ದೂರದ ಜಿಲ್ಲೆಯ ಹೊಸ ಮೆಡಿಕಲ್ ಕಾಲೇಜೊಂದು ಅವರನ್ನು ಕರೆಯಿತು. ಪಾಠ ಹೇಳುವವರಿದ್ದಾರೆಯೇ ಎಂದು ಇನ್‌ಸ್ಪೆಕ್ಷನ್ನಿಗೆ ಬರುವವರ ಎದುರು ಒಂದು ದಿನ ಪ್ರೊಫೆಸರಾಗಿ ಕುಳಿತರೆ ಸಾಕು, ಸಂಜೆ ಕಾರಿನಲ್ಲಿ ಮನೆಗೆ.

"ವೇಷ ಹಾಕೋಕೆ ಹೊರಟ್ರಾ ಮೇಷ್ಟ್ರೇ?" ಎಂದೆ.

"ಹೂಂ. ಸಾಯಂಕಾಲ ಬಣ್ಣ ತೊಳ್ಕೊಂಡು ಬರ್ತೀನಿ. ತುಳಸಿಗೆ ನೀರು ಹಾಕು" ಎಂದು ಬೀಗದ ಕೈ ಕೊಟ್ಟು, ಬಿಳಿ ಕೋಟು ತೊಟ್ಟು ಹೋದರು.

ಸಂಜೆ ಬಂದದ್ದು ಅವರಲ್ಲ, ಅವರ ಫೋನು.

"ಇಲ್ಲಿ ಪಾಠ ಹೇಳೋರೇ ಇಲ್ಲ ಕಣಯ್ಯಾ. ತೊಡೆ ಮೂಳೆ ಕೊಟ್ಟು ಎಡಗಾಲಿಂದೋ ಬಲಗಾಲಿಂದೋ ಅಂದ್ರೆ ಮಕ್ಳು ನನ್ನ ಮುಖ ನೋಡ್ತಾವೆ, ಪಾವಂ, ಪಾಪದವು. ಸುತ್ತಮುತ್ತ ಆಸ್ಪತ್ರೇಲೆಲ್ಲ ಡಾಕ್ಟರ್ ಕುರ್ಚಿ ಇದೆ, ಡಾಕ್ಟರಿಲ್ಲ. ನಾಳೆ ಅಲ್ಲಿ ಕೂರೋವು ಇವೇ ತಾನೆ?"

"ಹಾಗಾದ್ರೆ ನೀವು ಬರೋದು?"

"ಕೈ ಮುಗಿಸಿ ಬರ್ತೀನಿ."

ಯಾವುದೋ ದೇವರಿಗೆ ಕೈಮುಗಿದು ಬರುತ್ತಾರೆಂದು ತಿಳಿದೆ. ಅವರು ಹೇಳಿದ್ದು ಪಾಠದ ಮಾತು: ಮೊದಲು ಕೈ, ಆಮೇಲೆ ಕಾಲು, ಎದೆ, ಹೊಟ್ಟೆ, ಕೊನೆಗೆ ತಲೆ. ಕೈ ಮುಗಿಯಿತು, ಕಾಲು ಹಿಡಿದರು. ತಲೆ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳ ಹೊಸ ತಂಡ ಬಂದು ಮತ್ತೆ ಕೈ.

ಹೀಗೆ ಏಳು ವರ್ಷ. ನಾನು ತುಳಸಿಗೆ ನೀರು ಹಾಕಿದೆ. ಮೆಟ್ಟಿಲ ಮೇಲೆ ಒಬ್ಬನೇ ಕುಳಿತು, ಮಣಿಕಟ್ಟು ಒತ್ತಿಕೊಂಡು, ಎಂಟೂ ಮೂಳೆ ಬಾಯಿಪಾಠ ಮಾಡಿದೆ. ಫೋನಿನಲ್ಲಿ ಒಪ್ಪಿಸಲು ಹೋದರೆ, "ಬೇಡ, ನೋಡ್ಕೊಂಡು ಹೇಳ್ತೀಯ. ಬಂದ್ಮೇಲೆ ಕೇಳ್ತೀನಿ" ಎಂದರು.

ಕಳೆದ ವರ್ಷ ಅಲ್ಲಿಂದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು; ಮೇಷ್ಟರ ಮೊದಲ ತಂಡದ ವಿದ್ಯಾರ್ಥಿನಿ. ಸಾರ್ ಕ್ಲಾಸಿನಲ್ಲೇ ಹೋಗಿಬಿಟ್ಟರು ಎಂದು ತಮಿಳಿನಲ್ಲಿ ಹೇಳಿದಳು. ಯಾವ ಪಾಠ ನಡೆದಿತ್ತಮ್ಮಾ ಎಂದು ಕೇಳಿದೆ.

"ಎದೆ, ಅಂಕಲ್. ಅರ್ಧ ಆಗಿತ್ತು."

ಕಾಲೇಜಿನ ಪಕ್ಕದ ಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಈಗ ಆಕೆ ಡಾಕ್ಟರು.