ಕೈ ಕಲಿಯಲು ಹೋದ ಅಕ್ಕ

ಅಕ್ಕನ ಬೆರಳ ತುದಿಗಳು ಯಾವಾಗಲೂ ತಣ್ಣಗಿರುತ್ತಿದ್ದವು. ಹೊರಗೆ ದುಬೈಯ ಕರಾಮದ ರಸ್ತೆ ಕಾವಲಿಯ ಹಾಗೆ ಕಾದಿದ್ದರೂ ಅವಳು ಮುಟ್ಟಿದರೆ ಮೈ ಜುಮ್ಮೆನ್ನುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಹಾಗಾಗಿ ಯಾರ ಬೆನ್ನಿನ ಮೇಲಾದರೂ ಕೈಯಿಡುವ ಮೊದಲು ಬಿಸಿ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಕೂರುತ್ತಿದ್ದಳು. ಚಹಾ ಮಾತ್ರ ಕುಡಿಯುತ್ತಿರಲಿಲ್ಲ. ಅದು ನನ್ನ ಪಾಲಿಗೆ ಬರುತ್ತಿತ್ತು.

ಅವಳು ನನ್ನ ಒಡಹುಟ್ಟಿದವಳಲ್ಲ. ನಮ್ಮದು ಮತ್ತು ಅವರದು ಒಂದೇ ಶೇರಿಂಗ್ ಫ್ಲ್ಯಾಟ್. ಕೋಣೆಗಳು ಬೇರೆ, ಅಡುಗೆಮನೆ ಒಂದೇ. ಅವಳ ಅಪ್ಪ ಎ.ಸಿ. ರಿಪೇರಿ ಕಂಪನಿಯೊಂದರಲ್ಲಿ ಸೂಪರ್‌ವೈಸರ್, ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ನಾನು ಅವರನ್ನು ಅಂಕಲ್, ಆಂಟಿ ಎನ್ನುತ್ತಿದ್ದೆ. ಎರಡೂ ಮನೆಯವರು ಉಡುಪಿ ಕಡೆಯವರೇ. ಆಂಟಿಯ ಡ್ಯೂಟಿ ಇದ್ದ ದಿನಗಳಲ್ಲಿ ಅಕ್ಕ ನಮ್ಮ ಜೊತೆ ಉಣ್ಣುತ್ತಿದ್ದಳು, ನನ್ನ ಅಮ್ಮ ಊರಿಗೆ ಹೋದಾಗ ನನ್ನ ಜಡೆ ಅವಳೇ ಹಾಕುತ್ತಿದ್ದಳು.

ಹನ್ನೆರಡನೇ ತರಗತಿ ಮುಗಿಸಿ ಅವಳು ಅಮೆರಿಕದಲ್ಲಿದ್ದ ಸೋದರಮಾವನ ಮನೆಗೆ ಹೋದಳು. ಅಲ್ಲಿ ಡಿಗ್ರಿ ಮುಗಿಯದೆ ವೈದ್ಯಕೀಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಡಿಗ್ರಿಯಾಯಿತು, ಪ್ರವೇಶ ಪರೀಕ್ಷೆಯಾಯಿತು, ಒಂದೊಂದೇ ಕಾಲೇಜು ಬೇಡವೆಂದಿತು. ಕೊನೆಗೆ ಕರೆದದ್ದು, ವೈದ್ಯದ ಜೊತೆಗೆ ಕೈಯಿಂದ ಮುಟ್ಟಿ ಚಿಕಿತ್ಸೆ ಮಾಡುವುದನ್ನೂ ಕಲಿಸುವ ಆಸ್ಟಿಯೋಪತಿಯ ಒಂದು ಕಾಲೇಜು. ಸಂದರ್ಶನದಲ್ಲಿ ಒಬ್ಬ ಮುದುಕ ಡಾಕ್ಟರು ತಮ್ಮ ಭುಜದ ಮೇಲೆ ಕೈಯಿಡಲು ಹೇಳಿ, ಏನು ಗೊತ್ತಾಗುತ್ತದೆ ಎಂದು ಕೇಳಿದರಂತೆ. ಇವಳು ಕೈಯಿಟ್ಟು, ‘ನೀವು ಉಸಿರು ಹಿಡಿದುಕೊಂಡಿದ್ದೀರಿ’ ಎಂದಳಂತೆ. ಅವರು ನಕ್ಕುಬಿಟ್ಟರಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಅವಳ ಧ್ವನಿಯಲ್ಲಿದ್ದ ಖುಷಿಯನ್ನು ಆಮೇಲೆ ನಾನು ಯಾವತ್ತೂ ಕೇಳಲಿಲ್ಲ.

ಕರಾಮದ ನಮ್ಮ ಜನಕ್ಕೆ ಆ ಹೆಸರು ಬಾಯಿಗೇ ಬರುತ್ತಿರಲಿಲ್ಲ. ‘ಹೋಮಿಯೋಪತಿಯಾ?’ ಎಂದು ಒಬ್ಬರು, ‘ಮೂಳೆ ಮುರಿದರೆ ಕಟ್ಟುವವರಾ?’ ಎಂದು ಇನ್ನೊಬ್ಬರು. ಮೊದಲ ವರ್ಷ ಮುಗಿಸಿ ರಜೆಗೆ ಬಂದ ಅಕ್ಕ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು: ‘ಬಾಕಿ ಡಾಕ್ಟರುಗಳು ಓದುವುದೆಲ್ಲ ನಾವೂ ಓದಬೇಕು. ಅದರ ಮೇಲೆ ಕೈ ಒಂದು ಕಲಿಯಬೇಕು.’

ಕೈ ಕಲಿಯುವುದೆಂದರೆ ಏನೆಂದು ಆ ಬೇಸಿಗೆಯಲ್ಲಿ ನನಗೆ ತೋರಿಸಿದಳು. ದಪ್ಪ ಪುಸ್ತಕದ ಒಂದು ಹಾಳೆಯ ಕೆಳಗೆ ನನ್ನ ತಲೆಕೂದಲೊಂದನ್ನು ಇಟ್ಟು, ಕಣ್ಣು ಮುಚ್ಚಿ ಮೇಲಿನಿಂದ ಬೆರಳಾಡಿಸಿ ಹುಡುಕಬೇಕು. ಸಿಕ್ಕಿತೋ, ಇನ್ನೊಂದು ಹಾಳೆ ಮುಚ್ಚಬೇಕು. ನನಗೆ ಒಂದು ಹಾಳೆಯಾಚೆಗೆ ಏನೂ ತಿಳಿಯುತ್ತಿರಲಿಲ್ಲ. ಅವಳು ಹಾಳೆಯ ಮೇಲೆ ಹಾಳೆ ಮುಚ್ಚುತ್ತ ಹೋಗುತ್ತಿದ್ದಳು, ತುಟಿ ಸ್ವಲ್ಪ ತೆರೆದು, ದೂರದಲ್ಲಿ ಯಾರೋ ಮಾತಾಡುವುದನ್ನು ಕೇಳಿಸಿಕೊಳ್ಳುವವಳ ಹಾಗೆ.

ಪುಸ್ತಕವಾದ ಮೇಲೆ ನಾವು. ಹಾಲ್‌ನಲ್ಲಿದ್ದ ಕಾರ್ಪೆಟ್ಟಿನ ಮೇಲೆ ಎಲ್ಲರನ್ನೂ ಬೋರಲು ಮಲಗಿಸುತ್ತಿದ್ದಳು. ಒಂದು ಶುಕ್ರವಾರ, ಊಟವಾದ ಮೇಲೆ, ಅಂಕಲ್ ಅವರ ಸರದಿ ಬಂತು. ಅವಳ ಬೆರಳು ಸೊಂಟದ ಮೇಲುಗಡೆ ಒಂದು ಕಡೆ ನಿಂತಿತು. ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

‘ಎಂತ ಸಿಕ್ಕಿತು ಮಗಾ?’ ಅಂಕಲ್ ಕೇಳಿದರು.

‘ಇಲ್ಲಿ ಗಟ್ಟಿ ಉಂಟಲ್ಲ ಅಪ್ಪ. ನೋವುಂಟಾ?’

‘ದಿನವಿಡೀ ಪಿಕಪ್‌ನಲ್ಲಿ ಕೂತವನ ಬೆನ್ನು ಮೆತ್ತಗೆ ಇರ್ತದಾ? ನೀನು ಪಾಸಾಗಿ ಬಾ, ಆಮೇಲೆ ಸರಿ ಮಾಡುವಿಯಂತೆ.’

‘ಒಮ್ಮೆ ಎಕ್ಸ್‌ರೇ ತೆಗೆಸುವನಾ?’

‘ಯಲ್ಲಾ, ಏಳುವ, ಸಾಕು,’ ಎಂದು ಅವರು ಅರಬ್ಬಿ ಬೆರೆಸಿ ನಗುತ್ತ ಎದ್ದು ಬನಿಯನ್ ಹಾಕಿಕೊಂಡರು.

ಅವಳು ಆಗಷ್ಟೇ ಮೊದಲ ವರ್ಷ ಮುಗಿಸಿದ್ದ ವಿದ್ಯಾರ್ಥಿನಿ. ತನ್ನ ಕೈಗಿಂತ ಅಪ್ಪನ ನಗುವನ್ನು ನಂಬಿದಳು. ರಜೆ ಮುಗಿದು ಹೊರಟುಹೋದಳು.

ಚಳಿಗಾಲ ಬರುವಷ್ಟರಲ್ಲಿ ಅಂಕಲ್ ಪಿಕಪ್‌ನಿಂದ ಇಳಿಯುವಾಗ ಬಿದ್ದರು. ಕಾಲಿನಲ್ಲಿ ಬಲವಿರಲಿಲ್ಲ. ಮೂತ್ರಪಿಂಡದಲ್ಲಿ ಹುಟ್ಟಿದ ಗಡ್ಡೆ ಬೆನ್ನುಮೂಳೆಗೆ ಹಬ್ಬಿದೆ ಎಂದು ಸ್ಕ್ಯಾನಿನಲ್ಲಿ ತಿಳಿಯಿತು. ಅಕ್ಕ ಕ್ಲಾಸು ಬಿಟ್ಟು ಓಡಿ ಬಂದಳು. ನಾಲ್ಕು ತಿಂಗಳು ಮೊದಲೇ ಬಂದಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲವೆಂದು ಡಾಕ್ಟರು ಬಿಡಿಸಿ ಹೇಳಿದರು. ನರ್ಸಾಗಿದ್ದ ಆಂಟಿ ಒಪ್ಪಿಕೊಂಡರು. ಅಕ್ಕ ಒಪ್ಪಲಿಲ್ಲ. ಏಪ್ರಿಲಿನ ಬಿಸು ಹಬ್ಬದ ಮೊದಲೇ ಅಂಕಲ್ ತೀರಿಹೋದರು. ಆಸ್ಪತ್ರೆಯಿಂದ ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಅವಳು ನನಗೆ ಹೇಳಿದ್ದು ಒಂದೇ ಮಾತು: ‘ನನ್ನ ಕೈಗೆ ಗೊತ್ತಾಗಿತ್ತು.’

ಅಮೆರಿಕದ ಮಾವ ಒತ್ತಾಯ ಮಾಡಿದ್ದಕ್ಕೆ ಹಿಂತಿರುಗಿ ಹೋಗಿ, ನಿಂತ ವರ್ಷವನ್ನು ಮತ್ತೆ ಓದಿದಳು. ಅಲ್ಲಿ ವಿದ್ಯಾರ್ಥಿಗಳು ಒಬ್ಬರ ಮೈ ಮೇಲೊಬ್ಬರು ಅಭ್ಯಾಸ ಮಾಡಬೇಕು. ‘ಕೈಯಿಟ್ಟ ಹಾಗೆ ಮಾಡುತ್ತಿದ್ದೆ. ಒಳಗೆ ಏನುಂಟು ಅಂತ ಕೇಳುವ ಧೈರ್ಯ ಇರಲಿಲ್ಲ,’ ಎಂದು ಆಮೇಲೆ ಹೇಳಿದಳು. ಎರಡನೇ ವರ್ಷದ ಕೊನೆಗೆ ಅಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಅದು ದಾಟದೆ ರೋಗಿಗಳ ಹತ್ತಿರ ಬಿಡುವುದಿಲ್ಲ. ಅವಳು ಫೇಲಾದಳು. ಮತ್ತೆ ಬರೆದಳು, ಮತ್ತೆ ಫೇಲು. ಕಾಲೇಜಿನವರು ಸಮಾಧಾನದ ಮಾತಾಡಿ ಕಳಿಸಿಬಿಟ್ಟರು.

ಕರಾಮಕ್ಕೆ ಮರಳಿದ ಅಕ್ಕ ಅಲ್ ಮುರಕ್ಕಬಾತ್‌ನ ಕ್ಲಿನಿಕ್ ಒಂದರಲ್ಲಿ ರಿಸೆಪ್ಷನಿಸ್ಟ್ ಆದಳು. ಮೆಟ್ರೊ ಹತ್ತಿ ಹೋಗುವುದು, ಸಂಜೆ ಬಂದು ಬಾಗಿಲು ಹಾಕಿಕೊಳ್ಳುವುದು. ಒಮ್ಮೆ ಅಲ್ಲಿಗೆ ಹೋಗಿದ್ದಾಗ ನೋಡಿದೆ. ಸೊಂಟ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ಅವಳ ಹತ್ತಿರವೇ ನೋವು ಹೇಳಿಕೊಳ್ಳತೊಡಗಿದಾಗ ಅಕ್ಕ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೆಸರು, ಫೋನ್ ನಂಬರ್ ಕೇಳಿದಳು. ಕೈಗಳು ಕೀಬೋರ್ಡಿನ ಮೇಲಿದ್ದವು. ಮನೆಯಲ್ಲಿಯೂ ಅವಳು ಯಾರನ್ನೂ ಮುಟ್ಟುತ್ತಿರಲಿಲ್ಲ.

ಆ ವರ್ಷವೇ ನನ್ನ ಅಮ್ಮನಿಗೆ ಬೆನ್ನುನೋವು ಶುರುವಾಯಿತು. ಅಮ್ಮ ಮುಲಾಮು ಹಚ್ಚಿಕೊಂಡು ಓಡಾಡುತ್ತಿದ್ದಳು. ಅಕ್ಕ ದಿನಾ ಅಡುಗೆಮನೆಯಲ್ಲಿ ನೋಡುತ್ತಿದ್ದಳು. ಒಂದು ರಜೆಯ ದಿನ ಅಮ್ಮ ಒಲೆಯ ಕಟ್ಟೆ ಹಿಡಿದು ನಿಂತದ್ದನ್ನು ಕಂಡವಳೇ ಬಂದು, ‘ಆಂಟಿ, ಮಲಗಿ’ ಎಂದಳು.

‘ಈಗ ಬೇಡ ಮಾರಾಯ್ತಿ, ಸಾರು ಕುದೀತಾ ಉಂಟು.’

‘ಮಲಗಿ ಅಂದೆ ನಾನು.’

ಆ ಧ್ವನಿಗೆ ಅಮ್ಮ ಒಲೆ ಆರಿಸಿ ಹೋಗಿ ಮಲಗಿದಳು. ಅಕ್ಕ ಕೈಯಿಟ್ಟಳು. ನಾನು ಬಾಗಿಲಲ್ಲಿದ್ದೆ. ಅವಳ ಬೆರಳು ಸೊಂಟದ ಮೇಲುಗಡೆ ಒಂದು ಕಡೆ ನಿಂತುಬಿಟ್ಟಿತು. ‘ಟ್ಯಾಕ್ಸಿ ಕರೆ,’ ಎಂದಳು ನನಗೆ. ‘ಈಗಲೇ ಆಸ್ಪತ್ರೆಗೆ. ನಾಳೆ ಅಲ್ಲ.’ ಅಮ್ಮ ಮನೆಯ ಸೀರೆಯಲ್ಲೇ ಹೊರಟಳು. ದಾರಿಯುದ್ದಕ್ಕೂ ಅಕ್ಕ ಅಮ್ಮನ ಮಣಿಕಟ್ಟನ್ನು ಬಿಡಲಿಲ್ಲ.

ರಕ್ತ ಪರೀಕ್ಷೆ ಮಾಡಿದರು, ಸ್ಕ್ಯಾನ್ ಮಾಡಿದರು. ಸಂಜೆ ಡಾಕ್ಟರು ಬಂದು, ಏನಿಲ್ಲ, ಸ್ನಾಯು ಬಿಗಿದುಕೊಂಡಿದೆ, ವಾರದಲ್ಲಿ ಹೋಗುತ್ತದೆ ಎಂದರು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ‘ನನ್ನನ್ನು ಸಾಯಿಸಿಯೇ ಬಿಟ್ಟಿದ್ದೆಯಲ್ಲ ಮಾರಾಯ್ತಿ!’ ಎಂದು ಅಕ್ಕನ ಕೆನ್ನೆ ತಟ್ಟಿದಳು. ಅಕ್ಕನೂ ನಗಲು ನೋಡಿದಳು. ಆಮೇಲೆ ಎದ್ದು ಕಾರಿಡಾರಿಗೆ ಹೋದಳು. ನಾನು ಹಿಂದೆಯೇ ಹೋದಾಗ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.

‘ಅಳುವುದು ಎಂತಕ್ಕೆ ಅಕ್ಕ? ಅಮ್ಮನಿಗೆ ಏನಿಲ್ಲವಲ್ಲ.’

‘ಅಪ್ಪನ ಬೆನ್ನಲ್ಲಿ ಸಿಕ್ಕಿದ್ದೂ ಹೀಗೇ ಇತ್ತು,’ ಎಂದಳು. ‘ಸರಿಯಾಗಿ ಹೀಗೇ. ನನ್ನ ಕೈಗೆ ಆವತ್ತೂ ಏನೂ ಗೊತ್ತಾಗಿರಲಿಲ್ಲ. ಗೊತ್ತಾಗಿತ್ತು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.’

ತಪ್ಪು ತನ್ನದಲ್ಲವೆಂದು ಅವಳಿಗೆ ಹಗುರವಾಗಬೇಕಿತ್ತು. ಹಾಗಾಗಲಿಲ್ಲ. ಅಪ್ಪನನ್ನು ಉಳಿಸಬಹುದಿತ್ತು ಎಂಬ ಸಂಕಟದ ಜೊತೆಗೆ, ತನ್ನಲ್ಲಿ ಏನೋ ಒಂದು ಇತ್ತು ಎಂಬ ನಂಬಿಕೆಯೂ ಅಂಟಿಕೊಂಡಿತ್ತು. ಅವತ್ತು ಆ ನಂಬಿಕೆ ಹೋಯಿತು, ಸಂಕಟ ಉಳಿಯಿತು.

ಆಂಟಿ ನಿವೃತ್ತರಾದಾಗ ತಾಯಿ, ಮಗಳು ಇಬ್ಬರೂ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದರು. ಅಷ್ಟರಲ್ಲಿ ನನಗೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಮರುವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಮ್ಮನ ಫೋನು ಬಂತು. ಅಕ್ಕ ಇಲಿಜ್ವರದಲ್ಲಿ ತೀರಿಹೋಗಿದ್ದಳು. ಜ್ವರ ಬಂದ ಮೊದಲ ದಿನವೇ ಆಂಟಿ ಆಸ್ಪತ್ರೆಗೆ ಹೊರಡಿಸಲು ನೋಡಿದರಂತೆ. ಇವಳು, ‘ಏನಿಲ್ಲ ಅಮ್ಮ, ಸುಮ್ಮನೆ ಹೆದರಿ ಓಡುವುದು ಬೇಡ, ಒಮ್ಮೆ ಓಡಿ ಆಗಿದೆ’ ಎಂದು ಮಗ್ಗುಲಾದಳಂತೆ. ಕಣ್ಣು ಹಳದಿಯಾಗುವವರೆಗೂ ಅದೇ ಮಾತಂತೆ.

ಇದಿಷ್ಟು ಹೇಳಿದ ಮೇಲೆ ಅಮ್ಮ, ‘ಆವತ್ತು ನಾನು ನಗಬಾರದಿತ್ತು,’ ಎಂದಳು.

ಅಮ್ಮನ ಜೀವಕ್ಕಾಗಿ ಅಕ್ಕನಷ್ಟು ಹೆದರಿದವರನ್ನು ನಾನು ಮತ್ತೆ ಕಂಡಿಲ್ಲ. ಅಷ್ಟು ಹೆದರಲು ನನಗೇ ಬರುತ್ತಿರಲಿಲ್ಲ. ಅಮ್ಮ ಈಗಲೂ ಸಂಜೆ ಕರಾಮದ ಪಾರ್ಕಿನಲ್ಲಿ ನಡೆಯುತ್ತಾಳೆ. ಬೆನ್ನು ನೋಯುತ್ತದೆ ಎಂದು ಯಾರ ಹತ್ತಿರವೂ ಹೇಳುವುದಿಲ್ಲ.