ಪಲ್ಟನ್ನಿನಲ್ಲಿ ತೀರಿಕೊಂಡ ಶಿವಗಂಗವ್ವ

ಶಲವಡಿಯ ಶಿವಗಂಗವ್ವ ಗಟ್ಟಿಮುಟ್ಟಾಗಿ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ಆದರೆ ಮಗ ಗೌರೀಶ ಸಿಪಾಯಿಯಾಗಿದ್ದ ಕಾಶ್ಮೀರದ ಪಲ್ಟನ್ನಿನ ಮಟ್ಟಿಗೆ ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಈ ಸುದ್ದಿ ಆಕೆಗೆ ಯಾರೂ ಮುಟ್ಟಿಸಿರಲಿಲ್ಲ.

ದೀಪಾವಳಿ ಮುಂದೆ ಆಕೆ ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಯ ದವಾಖಾನೆಯ ಡಾಕ್ಟರು, "ಆಪರೇಶನ್ ಆಗಬೇಕ್ರಿ, ಮಗನ್ನ ಕರಸ್ರಿ" ಎಂದರು. ಗೌರೀಶನಿದ್ದ ಠಾಣೆಯಲ್ಲಿ ಮೊಬೈಲ್ ಹತ್ತುವುದಿಲ್ಲ. ಪಲ್ಟನ್ನಿನ ಆಫೀಸಿಗೇ ಹೇಳಬೇಕು. ನಂಬರ್ ಸೊಸೆ ಸುನಿತಾಳ ಬಳಿ ಇತ್ತು. ಆಕೆ ಚಾರ್ಜ್ ಇಲ್ಲ ಎಂದಳು, ರೇಂಜ್ ಇಲ್ಲ ಎಂದಳು. ನೆವಗಳು ತೀರಿದ ಮೇಲೆ ಅಳತೊಡಗಿದಳು.

"ಅತ್ತಿ, ಹ್ಯಾಂಗ್ ಹೇಳ್ಲಿ? ನಮ್ಮ ತಮ್ಮನ ಲಗ್ನಕ್ಕ ಇವ್ರಿಗೆ ರಜಾ ಸಿಗಲಿಲ್ಲ. ನೀವು ತೀರಿಕೊಂಡ್ರಿ ಅಂತ ನಾನ ಫೋನ್ ಮಾಡಿದ್ದೆ."

ಶಿವಗಂಗವ್ವನಿಗೆ ಆ ಲಗ್ನ ನೆನಪಿತ್ತು. ಗೌರೀಶ ಬ್ಯಾಂಡಿನ ಮುಂದೆ ಕುಣಿದಿದ್ದ. ಆಕೆ ಮೊದಲ ಪಂಕ್ತಿಯಲ್ಲೇ ಕುಳಿತು ಎರಡು ಸಲ ಬುಂದೆ ಬಡಿಸಿಕೊಂಡಿದ್ದಳು.

ಜೊತೆಗೆ ಬಂದಿದ್ದ ಬಾಜುಮನೆಯ ಮಲಿಕಾಬಿಗೆ, "ನೀ ಫೋನ್ ಹಚ್ಚು. ನಿನಗ ಹಿಂದಿ ಬರ್ತದ" ಎಂದಳು.

ಆ ಕಡೆಯ ಸುಬೇದಾರ ಕೆರಳಿದ. ಆ ಜವಾನನ ತಾಯಿ ಎಂದೋ ಸತ್ತಿದ್ದಾಳೆ, ನಾವೆಲ್ಲ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದ್ದೇವೆ, ಇದು ಅವನ ಎಷ್ಟನೇ ತಾಯಿ ಎಂದು ಕೇಳಿದ. ಮಲಿಕಾಬಿ ಬೈಗುಳ ಸೋಸಿ ಕನ್ನಡಕ್ಕೆ ತಂದಳು.

"ಸತ್ತಾಕಿನ ಮಾತಾಡಾಕತ್ತಾಳ ಅಂತ ಹೇಳು. ಹೋದ ಸಲ ಸತ್ತದ್ದು ಸುಳ್ಳು, ಈ ಸಲ ಎಲುಬು ಮುರದದ್ದು ಖರೇ. ಬೇಕಾದ್ರ ಮಾರಿ ನೋಡ್ಲಿ."

ಸುಬೇದಾರ ವಿಡಿಯೋ ಕಾಲ್ ಮಾಡಿ ಮುಖ ನೋಡಿದ, ಡಾಕ್ಟರ ಚೀಟಿಯನ್ನೂ ತರಿಸಿಕೊಂಡ. ಈಗ ರಜೆ ಕೊಡುತ್ತೇನೆ, ತಿರುಗಿ ಬಂದ ಮೇಲೆ ಶಿಕ್ಷೆ ಕೊಡುತ್ತೇನೆ ಎಂದ.

"ಎರಡೂ ಕೊಡ್ಲಿ," ಎಂದಳು ಶಿವಗಂಗವ್ವ.

ಮೂರನೆಯ ದಿನ ಗೌರೀಶ ಬಂದಾಗ ಆಪರೇಶನ್ ಮುಗಿದಿತ್ತು. ಅವ್ವನ ಕೈ ಹಿಡಿದು ಅತ್ತ. ಅತ್ತು ಹಗುರಾದ ಮೇಲೆ ಮೆಲ್ಲಗೆ ಕೇಳಿದ: "ಯವ್ವಾ, ನಾ ಅವನ ಸಣ್ಣವ್ವ, ಅವ್ವನ ತಂಗಿ ಅಂತ ಹೇಳಿದ್ರ ನಡೀತಿತ್ತಲ್ಲ? ಖರೇ ಯಾಕ ಹೇಳಿದಿ?"

ಆಕೆ ಕೈ ಬಿಡಿಸಿಕೊಂಡಳು. "ನಿನ್ನ ಹಡದದ್ದಾದರೂ ಖರೇ ಇರ್ಲಿ ಅಂತ."

ಆದರೂ ಊರಿಗೆ ಕರೆತಂದ ಮೇಲೆ ಮಗ ದಿನಾ ತಲೆ ಬಾಚಿದ, ಕೈ ಹಿಡಿದು ಪಡಸಾಲೆಯ ತನಕ ನಡೆಸಿದ. ಆಕೆ ಬೇಡವೆನ್ನಲಿಲ್ಲ.

ಅವನು ಹೊರಡುವ ಮುಂಜಾನೆ ಸುನಿತಾ ರೊಟ್ಟಿ ಬುತ್ತಿ ಕಟ್ಟುತ್ತ ಗಂಡನನ್ನು ಕೇಳಿದಳು: "ಯುಗಾದಿ ಆದಮ್ಯಾಲೆ ನಮ್ಮ ತಂಗಿ ಲಗ್ನ ಐತ್ರಿ. ರಜಾ ಸಿಗ್ತದೇನ್ರಿ?"

ಗೌರೀಶ ಬೂಟಿನ ಲೇಸು ಕಟ್ಟಲು ಬಗ್ಗಿದ.

ಹೊರಸಿನ ಮೇಲಿಂದ ಶಿವಗಂಗವ್ವ ಹೇಳಿದಳು: "ಈ ಸಲ ನಿಮ್ಮವ್ವನ ಸರದಿ."

ಸುನಿತಾ ಬುತ್ತಿಯ ಗಂಟನ್ನು ಇನ್ನಷ್ಟು ಬಿಗಿದಳು. ಗೌರೀಶ ನಗಲು ಹೋದ. ಅವ್ವ ನಗುತ್ತಿಲ್ಲವೆಂದು ಕಂಡು ಚೀಲ ಎತ್ತಿಕೊಂಡ.